ಹತ್ತು ಅಂಕದ ಪ್ರಶ್ನೆಯನ್ನು ನಾನು ತಿದ್ದಿಕೊಂಡ ಬಗೆ

ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಆರೇಳು ವರ್ಷಗಳ ಹಿಂದೆ ಒಂದು ಕಿರುಪರೀಕ್ಷೆಯಲ್ಲಿ ‘ಇಮ್ಮಡಿ ಪುಲಿಕೇಶಿಯ ಸಾಧನೆಗಳನ್ನು ವಿವರಿಸಿ’ ಎಂದು ಕೇಳಿದ್ದೆ. ಎಪ್ಪತ್ತರಷ್ಟು ಉತ್ತರ ಪತ್ರಿಕೆಗಳಲ್ಲಿ ಗೈಡಿನ ಒಂದೇ ಪುಟ, ಅದರ ಅಚ್ಚಿನ ತಪ್ಪುಗಳ ಸಮೇತ, ಮತ್ತೆ ಮತ್ತೆ ಎದುರಾದಾಗ, ಇನ್ನು ಮುಂದೆ ಇಂಥ ಪ್ರಶ್ನೆಯನ್ನು ಕೇಳಬಾರದೆಂದು ನಿರ್ಧರಿಸಿದೆ. ‘ನಮ್ಮ ಮಕ್ಕಳ ಕೈಯಲ್ಲಿ ಇದೆಲ್ಲ ಆಗುವ ಮಾತಲ್ಲ, ನೀವು ಸಿಲಬಸ್ ಮುಗಿಸಿ ಸರ್’ ಎಂದು ವಿಭಾಗದ ಹಿರಿಯರು ಹೇಳಿದರು. ಮೊದಲ ಎರಡು ವರ್ಷ ಅವರ ಮಾತೇ ನಿಜವಾಯಿತು.

ಮೊದಲು ನಾನು ಮಾಡಿದ್ದು ‘ವಿವರಿಸಿ’ ಎಂಬುದನ್ನು ತೆಗೆದು ‘ವಿಮರ್ಶಾತ್ಮಕವಾಗಿ ಚರ್ಚಿಸಿ’ ಎಂದು ಬರೆದದ್ದು. ಹಳೆಯ ಉತ್ತರವೇ ಬಂತು. ಕೊನೆಗೆ ‘ಹೀಗೆ ವಿಮರ್ಶಿಸಬಹುದು’ ಎಂಬ ಒಂದು ಸಾಲು ಹೆಚ್ಚಾಗಿತ್ತು. ಅನಂತರ ‘ನೀವು ಮೈಸೂರಿನ ದಿವಾನರಾಗಿದ್ದರೆ ಏನು ಮಾಡುತ್ತಿದ್ದಿರಿ’ ಎಂದು ಕೇಳಿದೆ. ಮಕ್ಕಳು ಖುಷಿಯಿಂದ ಮೂರು ಮೂರು ಅಡಿಷನಲ್ ಶೀಟ್ ತೆಗೆದುಕೊಂಡು ಬರೆದರು, ಆದರೆ ಅದರಲ್ಲಿ ಕಥೆಯಿತ್ತೇ ಹೊರತು ಇತಿಹಾಸವಿರಲಿಲ್ಲ. ಮೂರನೆಯ ಸಲ ಪ್ರಶ್ನೆಯ ಜೊತೆಗೆ ಒಂದು ಮೂಲ ಆಕರವನ್ನೇ ಕೊಡೋಣವೆಂದು ಬೇಟೆನಾಯಿಯೊಂದರ ನೆನಪಿಗೆ ನಿಂತ ಕಲ್ಲಿನ ಬರಹವಾದ ಆತಕೂರು ಶಾಸನದ ಚಿತ್ರವನ್ನು ಸುಮಾರು ಐನೂರು ರೂಪಾಯಿ ಕೊಟ್ಟು ಫ್ಲೆಕ್ಸ್ ಮಾಡಿಸಿ ಗೋಡೆಗೆ ಕಟ್ಟಿದೆ, ಅದರ ಹಳಗನ್ನಡ ಮೂಲವನ್ನು ಜೆರಾಕ್ಸ್ ಮಾಡಿಸಿ ಹಂಚಿದೆ. ಮುಕ್ಕಾಲು ತರಗತಿ ಆ ಪ್ರಶ್ನೆಯನ್ನೇ ಬಿಟ್ಟಿತ್ತು. ಆ ವರ್ಷ ಕೈಯಿಂದ ಹೋದ ಹಣ ಮೂರು ಸಾವಿರಕ್ಕೆ ಕಡಿಮೆಯಿರಲಿಕ್ಕಿಲ್ಲ. ಪುಟಕ್ಕೆ ಒಂದು ರೂಪಾಯಿಯೆಂದರೂ ಎಪ್ಪತ್ತು ಮಕ್ಕಳಿಗೆ ವರ್ಷವಿಡೀ ಹಂಚುವಾಗ ಲೆಕ್ಕ ಬೆಳೆಯುತ್ತದೆ, ಮತ್ತು ಇಂಥ ಖರ್ಚಿಗೆ ಕಾಲೇಜಿನಲ್ಲಿ ಯಾವ ಬಾಬ್ತೂ ಇಲ್ಲ.

ದಾರಿ ಸಿಕ್ಕಿದ್ದು ಅದೇ ಶಾಸನವನ್ನು ಹನ್ನೆರಡು ಸಾಲಿನ ಹೊಸಗನ್ನಡಕ್ಕೆ ಇಳಿಸಿ ಅರ್ಧ ಪುಟದಲ್ಲಿ ಕೊಟ್ಟಾಗ. ಕ್ರಿ.ಶ. 949–50ರ ಈ ಶಾಸನದ ಕಥೆ ಇಷ್ಟು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ನಾಡುಗಳನ್ನು ಕೊಡುತ್ತಾನೆ. ಬೂತುಗನ ಆಳು ಮಣಲೇರನು ತನ್ನನ್ನು ಮೆಚ್ಚಿದ ಒಡೆಯನಲ್ಲಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡುತ್ತಾನೆ. ಕಾಳಿಯೂ ಕಾಡುಹಂದಿಯೂ ಕಾದಾಡಿ ಎರಡೂ ಸಾಯುತ್ತವೆ. ಕಲ್ಲು ನಿಲ್ಲುತ್ತದೆ, ಭೂಮಿ ದತ್ತಿಯಾಗುತ್ತದೆ, ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ (ಶೈವ ಅರ್ಚಕನಿಗೆ) ನಾಯಿಯ ಪಾಪ ತಗಲಲೆಂಬ ಶಾಪವೂ ಇದೆ. ಇದರ ಕೆಳಗೆ ನಾನು ಕೇಳಿದ್ದು ಇಷ್ಟು: ‘ಇಲ್ಲಿ ಯಾರು ಯಾರಿಗೆ ಏನನ್ನು ಕೊಟ್ಟರು? ಇದರಿಂದ ಹತ್ತನೆಯ ಶತಮಾನದ ಒಡೆಯ ಮತ್ತು ಆಳಿನ ಸಂಬಂಧದ ಬಗ್ಗೆ ಏನು ಹೇಳಬಹುದು? ಈ ಒಂದೇ ಶಾಸನದಿಂದ ಏನನ್ನು ಹೇಳಲಾಗದು?’

ಕೊನೆಯ ಆ ತುಣುಕೇ ಕೆಲಸ ಮಾಡಿತು. ಏನನ್ನು ಹೇಳಲಾಗದು ಎಂಬುದಕ್ಕೆ ಯಾವ ಗೈಡಿನಲ್ಲೂ ಉತ್ತರವಿರಲಿಲ್ಲವಾದ್ದರಿಂದ, ಮಕ್ಕಳು ಕೈಯಲ್ಲಿದ್ದ ಅರ್ಧ ಪುಟವನ್ನು ಮರಳಿ ಮರಳಿ ಓದಲೇಬೇಕಾಯಿತು. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಅಲ್ಲಿಯವರೆಗೆ ಹತ್ತಕ್ಕೆ ಮೂರು ನಾಲ್ಕು ದಾಟದ ಹುಡುಗಿಯೊಬ್ಬಳು ‘ನಾಯಿಯ ಹೆಸರನ್ನು ಬರೆದಿದ್ದಾರೆ, ದಿನವೂ ಪೂಜೆ ಮಾಡಬೇಕಾದ ಗೊರವನ ಹೆಸರನ್ನು ಬರೆದಿಲ್ಲ’ ಎಂದು ಬರೆದಿದ್ದಳು. ಇಪ್ಪತ್ತು ವರ್ಷ ಆ ಶಾಸನವನ್ನು ಪಾಠ ಮಾಡಿದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಆ ಪತ್ರಿಕೆಯನ್ನು ಹಿರಿಯ ಸಹೋದ್ಯೋಗಿಯ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿ, ಮುಂದಿನ ಕಿರುಪರೀಕ್ಷೆಗೆ ತಮಗೂ ಒಂದು ಪ್ರಶ್ನೆ ಮಾಡಿಕೊಡಿ ಎಂದರು.

ಅಂಕ ಹಂಚುವುದರಲ್ಲಿ ಮಾತ್ರ ಎಚ್ಚರ ಬೇಕು. ಆಕರದಲ್ಲಿ ಇರುವುದಕ್ಕೆ ನಾಲ್ಕು, ಪಾಠದಿಂದ ತಂದು ಜೋಡಿಸಿದ್ದಕ್ಕೆ ಮೂರು, ಹೇಳಲಾಗದ್ದಕ್ಕೆ ಮೂರು ಎಂದು ನಾನು ಇಟ್ಟುಕೊಂಡಿದ್ದೇನೆ. ಮೊದಲ ವರ್ಷ ಈ ಕೊನೆಯ ಭಾಗಕ್ಕೆ ಐದು ಇಟ್ಟು, ಚೆನ್ನಾಗಿ ಓದುವ ಮಕ್ಕಳೇ ಹೆದರುವಂತೆ ಮಾಡಿದ್ದೆ.

ಆಧುನಿಕ ಮೈಸೂರಿನ ಪಾಠಕ್ಕೆ ಮಿಲ್ಲರ್ ಸಮಿತಿಯನ್ನು ಹೀಗೆಯೇ ಬಳಸಿದೆ. ಮೈಸೂರು ಸರ್ಕಾರದ ನೌಕರಿಗಳಲ್ಲಿ ಬ್ರಾಹ್ಮಣೇತರರ ಪಾಲನ್ನು ಪರಿಶೀಲಿಸಲು 1918ರಲ್ಲಿ ನೇಮಕವಾಗಿ ಮರುವರ್ಷ ವರದಿ ಕೊಟ್ಟ ಆ ಸಮಿತಿಯು, ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕೆಂದಿತ್ತು. ಇಂಥ ಕ್ರಮವನ್ನು ಒಪ್ಪದ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟರು. ಎರಡೂ ನಿಲುವುಗಳನ್ನು ಎದುರುಬದುರಾಗಿ ಕೊಟ್ಟು ಪ್ರಶ್ನೆ ಕೇಳುತ್ತೇನೆ. ಯಾವುದನ್ನು ಮೊದಲು ಇಡಬೇಕು, ತರಗತಿ ಎರಡು ಪಂಗಡವಾಗದಂತೆ ಪ್ರಶ್ನೆಯ ಕ್ರಿಯಾಪದವನ್ನು ಹೇಗೆ ಆರಿಸಬೇಕು ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಉಳಿಸಿಕೊಳ್ಳುತ್ತೇನೆ.

ಸಮಾಜಶಾಸ್ತ್ರದ ಸಹೋದ್ಯೋಗಿಯೊಡನೆ ಒಂದು ಪಕ್ಕದ ಪ್ರಯೋಗವೂ ನಡೆಯಿತು. ಗೇಣಿಗೆ ಉಳುವವರಿಗೇ ಭೂಮಿಯ ಒಡೆತನ ಕೊಟ್ಟ 1974ರ ಭೂಸುಧಾರಣೆಯ ಬಗ್ಗೆ ಮನೆಯ ಹಿರಿಯರನ್ನು ಕೇಳಿಕೊಂಡು ಬಂದು ಪ್ರಬಂಧ ಬರೆಯಬೇಕೆಂದೆವು. ಗೇಣಿದಾರರ ಹೋರಾಟವಾದ 1951ರ ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆ ನಮ್ಮದು. ಒಡೆತನ ಕೋರುವ ಅರ್ಜಿಯಾದ ಏಳನೇ ನಂಬರ್ ಫಾರಂ ಹಾಕಿ ಗದ್ದೆ ಪಡೆದ ಅಜ್ಜನ ಮೊಮ್ಮಗನೂ, ಅದೇ ಊರಿನಲ್ಲಿ ಗದ್ದೆ ಕಳೆದುಕೊಂಡ ಮನೆಯ ಹುಡುಗಿಯೂ ಒಂದೇ ತರಗತಿಯಲ್ಲಿದ್ದರು. ಬರವಣಿಗೆ ಬಹಳ ಚೆನ್ನಾಗಿ ಬಂತು, ಆದರೆ ಅವುಗಳನ್ನು ಗಟ್ಟಿಯಾಗಿ ಓದಿಸಿದ್ದು ನನ್ನ ತಪ್ಪು. ಇಬ್ಬರೂ ಒಂದು ವಾರ ಮಾತು ಬಿಟ್ಟರು. ಈಗ ಅಂಥ ಪ್ರಬಂಧಗಳನ್ನು ನಾನೊಬ್ಬನೇ ಓದಿ ಹಿಂದಿರುಗಿಸುತ್ತೇನೆ.

ವಿಶ್ವವಿದ್ಯಾಲಯದ ಅಂತಿಮ ಪರೀಕ್ಷೆ ಹಳೆಯ ಮಾದರಿಯಲ್ಲೇ ಇರುವುದರಿಂದ ಫಲಿತಾಂಶ ಬಿದ್ದುಹೋದೀತೆಂಬ ಅಂಜಿಕೆ ಎಲ್ಲರಿಗೂ ಇತ್ತು. ನೆನಪಿನಿಂದ ಹೇಳುವುದಾದರೆ, ನೂರಕ್ಕೆ ಅರವತ್ತೈದರ ಆಸುಪಾಸಿನಲ್ಲಿದ್ದ ತೇರ್ಗಡೆ ಮೂರನೆಯ ವರ್ಷಕ್ಕೆ ಎಂಬತ್ತನ್ನು ಮುಟ್ಟಿತು. ಮೌಲ್ಯಮಾಪನಕ್ಕೆ ಒಂದು ಪತ್ರಿಕೆಗೆ ಮೊದಲಿಗಿಂತ ದುಪ್ಪಟ್ಟು ಹೊತ್ತು ಹಿಡಿಯುತ್ತದೆ, ಅದು ನಿಜ.

ಈಗಿನ ತೊಡಕು ಬೇರೆ. ಆತಕೂರಿನ ಪ್ರಶ್ನೆಗೆ ಸಿದ್ಧ ಉತ್ತರ ನಮ್ಮೂರಿನ ಜೆರಾಕ್ಸ್ ಅಂಗಡಿಯಲ್ಲೇ ಹತ್ತು ರೂಪಾಯಿಗೆ ಸಿಗತೊಡಗಿದೆ. ಆದ್ದರಿಂದ ಈ ಸೆಮಿಸ್ಟರಿಗೆ ಶ್ರವಣಬೆಳಗೊಳದ 1368ರ, ಜೈನ ವೈಷ್ಣವರ ಜಗಳವನ್ನು ತೀರಿಸಿದ ವಿಜಯನಗರದ ಬುಕ್ಕರಾಯನ ಶಾಸನವನ್ನು ಅರ್ಧ ಪುಟಕ್ಕೆ ಇಳಿಸಿಟ್ಟಿದ್ದೇನೆ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಹಿಡಿದುಕೊಟ್ಟ ಅರಸನು ಆ ಮಾತನ್ನು ಕಲ್ಲಿನಲ್ಲಿ ಏಕೆ ಬರೆಸಬೇಕಾಯಿತು ಎಂಬುದು ಈ ಸಲದ ಪ್ರಶ್ನೆ.