ನನ್ನ ಲಿಂಟ್ ನಿಯಮಕ್ಕೆ ಟೆಸ್ಟ್ ಬರೆದದ್ದು

ವೆಬ್ ಪುಟದ ನೋಟವನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಬಣ್ಣದ ಹೆಕ್ಸ್ ಕೋಡನ್ನು (#add ತರಹದ್ದು) ನೇರವಾಗಿ ಬರೆಯಬಾರದು, ವೇರಿಯಬಲ್ ಮೂಲಕವೇ ಬಳಸಬೇಕು ಎಂದು ನಮ್ಮ ತಂಡದಲ್ಲಿ ಒಪ್ಪಿಕೊಂಡಿದ್ದೆವು. ರಿವ್ಯೂ ಮಾಡುವಾಗಲೆಲ್ಲ ಅದನ್ನೇ ಹೇಳುವುದು ಸಾಕಾಗಿ, ಸಿಎಸ್‌ಎಸ್ ಕೋಡಿನಲ್ಲಿ ತಪ್ಪು ಹುಡುಕುವ ಲಿಂಟ್ ಸಾಧನವಾದ ಸ್ಟೈಲ್‌ಲಿಂಟ್‌ಗೆ ಒಂದು ಪ್ಲಗಿನ್ ಬರೆದೆ. ಕೆಲಸ ಚಿಕ್ಕದು: ಸಿಎಸ್‌ಎಸ್ ಓದುವ ಪೋಸ್ಟ್‌ಸಿಎಸ್‌ಎಸ್ ಎಂಬ ಸಾಧನ ಕಟ್ಟಿಕೊಡುವ ಮರದಲ್ಲಿ ಒಂದೊಂದೇ ಡಿಕ್ಲರೇಷನ್ (ಪ್ರಾಪರ್ಟಿ ಮತ್ತು ಅದರ ವ್ಯಾಲ್ಯೂ) ನೋಡುತ್ತ ಹೋಗುವುದು, ಹ್ಯಾಶ್ ಚಿಹ್ನೆಯ ಮುಂದೆ ಮೂರರಿಂದ ಎಂಟು ಹೆಕ್ಸ್ ಅಕ್ಷರ (0–9, ಎ–ಎಫ್) ಕಂಡರೆ ತಪ್ಪೆಂದು ತೋರಿಸುವುದು. ಇಷ್ಟಕ್ಕೆ ಟೆಸ್ಟ್ ಯಾಕೆ ಎಂದುಕೊಂಡು ಹಾಗೆಯೇ ಸೇರಿಸಿಬಿಟ್ಟೆ.

ಮರುದಿನವೇ ಸಹೋದ್ಯೋಗಿಯೊಬ್ಬರ ಬಿಲ್ಡ್ ನಿಂತಿತು. ಅವರು ಬರೆದಿದ್ದುದು ಬಣ್ಣವಲ್ಲ, ಎಸ್‌ವಿಜಿ ಫೈಲಿನೊಳಗಿದ್ದ ‘ಆಡ್’ ಐಕಾನ್‌ನ ವಿಳಾಸ. ಯುಆರ್‌ಎಲ್ ಕೊನೆಯಲ್ಲಿ ಹ್ಯಾಶ್, ಅದರ ಮುಂದೆ ಎ, ಡಿ, ಡಿ. ಮೂರೂ ಹೆಕ್ಸ್ ಅಕ್ಷರಗಳೇ! ತಪ್ಪು ಮಾಡದವರನ್ನು ತಡೆಯುವ ನಿಯಮವನ್ನು ಜನ ಎರಡನೇ ಸಲ ನಂಬುವುದಿಲ್ಲ, ಆಫ್ ಮಾಡಿಬಿಡುತ್ತಾರೆ. ಆ ದಿನವೇ ಟೆಸ್ಟ್ ಬರೆಯಲು ಕುಳಿತೆ.

ಟೆಸ್ಟ್ ಓಡಿಸುವ ಜೆಸ್ಟ್ ಎಂಬ ಸಾಧನ ಬಳಸುವವರಿಗೆ ಸ್ಟೈಲ್‌ಲಿಂಟ್ ತಂಡದ್ದೇ ಒಂದು ಪ್ರಿಸೆಟ್ (ಸಿದ್ಧ ವ್ಯವಸ್ಥೆ) ಇದೆ. ಅದರಲ್ಲಿ ನಿಯಮ ಒಪ್ಪಬೇಕಾದ ಕೋಡ್ ಒಂದು ಪಟ್ಟಿಯಲ್ಲಿ, ತಿರಸ್ಕರಿಸಬೇಕಾದ್ದು ಇನ್ನೊಂದರಲ್ಲಿ. ತಿರಸ್ಕಾರದ ಟೆಸ್ಟಿಗೆ ಸಂದೇಶ, ಸಾಲು, ಕಾಲಂ ಎಲ್ಲವನ್ನೂ ಕೊಡಬಹುದು. ಬರೆಯುತ್ತ ಹೋದಂತೆ ಒಂದು ಸಂಗತಿ ನನ್ನನ್ನು ಕಾಡತೊಡಗಿತು. ನಿಯಮದ ಒಳಗಿನ ಕೋಡನ್ನೆಲ್ಲ ಅಳಿಸಿ ಓಡಿಸಿದರೂ ಒಪ್ಪಿಗೆಯ ಟೆಸ್ಟುಗಳು ಪಾಸಾಗುತ್ತವೆ. ಏನನ್ನೂ ನೋಡದ ನಿಯಮ ಎಲ್ಲವನ್ನೂ ಒಪ್ಪುತ್ತದೆ. ಹಾಗಾಗಿ ಒಪ್ಪಿಗೆಯ ಪ್ರತಿ ಕೋಡಿಗೂ ಕೂದಲೆಳೆಯಷ್ಟೇ ವ್ಯತ್ಯಾಸವಿರುವ ತಿರಸ್ಕಾರದ ಜೋಡಿಯೊಂದನ್ನು ಬರೆಯುವುದು ರೂಢಿಯಾಯಿತು.

ಆ ಐಕಾನ್ ವಿಳಾಸದ ಜೋಡಿಯೇ ದೊಡ್ಡ ಪಾಠ ಕಲಿಸಿತು. ಮೊದಲು ಯುಆರ್‌ಎಲ್ ಸಮಸ್ಯೆ ಸರಿಪಡಿಸಿದೆ: ಅಕ್ಷರಗಳ ಮಾದರಿಯನ್ನಷ್ಟೇ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಷನ್ ಬಿಟ್ಟು, ವ್ಯಾಲ್ಯೂವನ್ನು ಭಾಗ ಭಾಗವಾಗಿ ಬಿಡಿಸುವ ಪೋಸ್ಟ್‌ಸಿಎಸ್‌ಎಸ್ ವ್ಯಾಲ್ಯೂ ಪಾರ್ಸರ್ ತಂದು, ಯುಆರ್‌ಎಲ್ ಫಂಕ್ಷನ್ ಎದುರಾದರೆ ಒಳಗೆ ಇಳಿಯದಂತೆ ಮಾಡಿದೆ. ಉದ್ಧರಣ ಚಿಹ್ನೆಯೊಳಗಿನ ಪಠ್ಯವೂ ಇದರಿಂದ ತಾನಾಗಿಯೇ ಹೊರಗುಳಿಯಿತು. ಆಮೇಲೆ ಒಂದೇ ಬ್ಯಾಕ್‌ಗ್ರೌಂಡ್ ಸಾಲಿನಲ್ಲಿ ಮೊದಲು ಆ ವಿಳಾಸವನ್ನೂ ಅದರ ಪಕ್ಕದಲ್ಲೇ ಅದೇ ಅಕ್ಷರಗಳ ಬಣ್ಣವನ್ನೂ ಇಟ್ಟು, ಒಂದೇ ಒಂದು ಎಚ್ಚರಿಕೆ ಬರಬೇಕು, ಅದೂ 37ನೇ ಕಾಲಮ್ಮಿನಲ್ಲಿ, ಎಂದು ಬರೆದೆ. ಎಚ್ಚರಿಕೆ ಒಂದೇ ಬಂತು, ಆದರೆ ತೋರಿಸಿದ್ದು 31ನೇ ಕಾಲಂ. ಅದು ಯುಆರ್‌ಎಲ್‌ನ ಹೊಟ್ಟೆಯೊಳಗಿನ ಜಾಗ! ವರದಿ ಮಾಡುವಾಗ ನಾನು ಕೊಟ್ಟಿದ್ದುದು ಪದವನ್ನು ಮಾತ್ರ. ಪದ ಕೊಟ್ಟರೆ ಅದು ಡಿಕ್ಲರೇಷನ್‌ನಲ್ಲಿ ಮೊದಲು ಸಿಗುವ ಜಾಗವನ್ನೇ ಹಿಡಿಯುತ್ತದೆ. ಬದಲಿಗೆ ಆರಂಭ, ಅಂತ್ಯಗಳ ಇಂಡೆಕ್ಸ್ ಲೆಕ್ಕ ಹಾಕಿ ಕೊಟ್ಟೆ: ಪ್ರಾಪರ್ಟಿ ಹೆಸರಿನ ಉದ್ದ, ಕೋಲನ್ ಮತ್ತು ಖಾಲಿ ಜಾಗದ ಉದ್ದ, ವ್ಯಾಲ್ಯೂ ಒಳಗಿನ ಸ್ಥಾನ, ಮೂರನ್ನೂ ಕೂಡಿ.

ಇಷ್ಟಾದರೂ ನಡುವೆ ಕಾಮೆಂಟ್ ಇದ್ದ ಸಾಲಿನಲ್ಲಿ ಲೆಕ್ಕ ತಪ್ಪಿತು. ಎರಡೂ ಬದಿ ಖಾಲಿ ಜಾಗವಿರುವ ಕಾಮೆಂಟನ್ನು ಪೋಸ್ಟ್‌ಸಿಎಸ್‌ಎಸ್ ತೆಗೆದು ಶುದ್ಧ ವ್ಯಾಲ್ಯೂ ಕೊಡುತ್ತದೆ, ಮೂಲ ರೂಪವನ್ನು ರಾಸ್ ಎಂಬಲ್ಲಿ ಇಟ್ಟಿರುತ್ತದೆ. ಮೂಲ ರೂಪ ಇದ್ದರೆ ಅದನ್ನೇ ಪಾರ್ಸ್ ಮಾಡುವಂತೆ ತಿದ್ದಿದೆ. ಸಾಲು, ಕಾಲಂ ಕೇಳದ ಟೆಸ್ಟ್ ಬರೆದಿದ್ದರೆ ಇವೆರಡೂ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಸಂದೇಶದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಸಂದೇಶ ಕಟ್ಟುವ ಫಂಕ್ಷನ್ನನ್ನೇ ಟೆಸ್ಟಿಗೂ ತಂದು ಹೋಲಿಸುವುದು ವಾಡಿಕೆ. ಹಾಗೆ ಮಾಡಿದರೆ ಫಂಕ್ಷನ್ ತಪ್ಪಿದಾಗ ಎರಡೂ ಕಡೆ ಒಟ್ಟಿಗೇ ತಪ್ಪುತ್ತದೆ. ಕನಿಷ್ಠ ಒಂದು ಟೆಸ್ಟಿನಲ್ಲಾದರೂ ನಾನು ಪೂರ್ತಿ ವಾಕ್ಯವನ್ನು ಕೈಯಾರೆ ಬರೆಯುತ್ತೇನೆ.

ಕೊನೆಗೆ ಸೇರಿಸಿದ್ದು ವೇರಿಯಬಲ್‌ಗಳದ್ದು. ಎರಡು ಹೈಫನ್‌ನಿಂದ ಶುರುವಾಗುವ ಪ್ರಾಪರ್ಟಿಯಲ್ಲಿ ಹೆಕ್ಸ್ ಇರಲೇಬೇಕಲ್ಲ, ಬಣ್ಣ ಹುಟ್ಟುವುದೇ ಅಲ್ಲಿ. ಅದನ್ನು ಬಿಟ್ಟುಬಿಡುವ ಷರತ್ತು ಬರೆದು, ಟೆಸ್ಟ್ ಪಾಸಾದ ಮೇಲೆ ಬೇಕೆಂದೇ ಆ ಷರತ್ತನ್ನು ಅಳಿಸಿ ಮತ್ತೆ ಓಡಿಸಿದೆ. ಆ ಒಂದೇ ಟೆಸ್ಟ್ ಕೆಂಪಾಯಿತು, ಉಳಿದವೆಲ್ಲ ಹಸಿರಾಗಿಯೇ ಇದ್ದವು. ಷರತ್ತನ್ನು ವಾಪಸ್ ಹಾಕಿ ರಿವ್ಯೂಗೆ ಕಳಿಸಿದೆ.