ಸವ್ತಾ ಮಾತಾಡುವಾಗ ಕೈಗೊಂದು ಕೆಲಸ ಇರಲಿ

ಶಿರ್ವ, ಮೂಡುಬೆಳ್ಳೆ ಕಡೆಯಿಂದ ಇಸ್ರೇಲಿಗೆ ಕೇರ್‌ಗಿವರ್ ಆಗಿ ಹೊರಟವರು ನನ್ನ ಹತ್ತಿರ ಸಂಬಳ, ರಜೆ ಎಲ್ಲ ಕೇಳಿಕೊಂಡು ಹೋಗುತ್ತಾರೆ. ನೋಡಿಕೊಳ್ಳಬೇಕಾದ ಸವ್ತಾ ನಾಜಿ ಕ್ಯಾಂಪಿನಿಂದ ಉಳಿದು ಬಂದವರಾದರೆ ಹೇಗಿರಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಸವ್ತಾ ಅಂದರೆ ಅಲ್ಲಿ ಅಜ್ಜಿ. ಸವತಿ ಅಂತ ಕೇಳಿಸಿ ಮೊದಲ ದಿನ ನಾನು ನಕ್ಕದ್ದುಂಟು.

ನಾನು ಎಡವಿದ್ದನ್ನೇ ಮೊದಲು ಹೇಳುತ್ತೇನೆ. ನಾನು ಹೋದದ್ದು 2010ರಲ್ಲಿ, ಆಗ ನಾನು ನೋಡಿಕೊಂಡ ಸವ್ತಾಗೆ 80. ಒಂದು ದಿನ ನಮ್ಮೂರು ತೋರಿಸುವ ಸಂಭ್ರಮದಲ್ಲಿ ಅಪ್ಪ ದುಡಿಯುತ್ತಿದ್ದ ಮಂಗಳೂರಿನ ಹೆಂಚಿನ ಕಾರ್ಖಾನೆಯ ಫೋಟೊ ಕೈಗೆ ಕೊಟ್ಟೆ. ಎತ್ತರದ ಚಿಮಣಿ, ಹಸಿ ಹೆಂಚು ಒಣಗಿಸುವ ಗೋಡೆಯಿಲ್ಲದ ಉದ್ದನೆಯ ಮಾಡು. ಅವರು ಫೋಟೊವನ್ನು ಬೋರಲು ಹಾಕಿ ಮೇಜಿನ ಮೇಲಿಟ್ಟರು. ಮಧ್ಯಾಹ್ನ ಊಟ ಮಾಡಲಿಲ್ಲ. 1944ರ ಮೇ ತಿಂಗಳಲ್ಲಿ ಸವ್ತಾರ ಊರಾದ ಕೊಲೊಶ್ವಾರದ ಯಹೂದಿಗಳನ್ನು ಕೂಡಿಹಾಕಿದ್ದು ಇಟ್ಟಿಗೆ ಕಾರ್ಖಾನೆಯಲ್ಲಿ, ಇಂಥದೇ ಮಾಡಿನಡಿ. ಅಲ್ಲಿಂದ ರೈಲಿನಲ್ಲಿ ನಾಜಿಗಳ ಸಾವಿನ ಕ್ಯಾಂಪ್ ಆಶ್ವಿಟ್ಜ್‌ಗೆ. ಸಂಜೆ ಬಂದ ಅವರ ಮಗಳು ಹೇಳಿದ್ದಿಷ್ಟು. ಅವಳಿಗೆ ಗೊತ್ತಿದ್ದದ್ದೂ ಅಷ್ಟೇ.

ಹಾಗಾಗಿ ಹೋದ ಕೂಡಲೇ ಊರು ಯಾವುದೆಂದು ಮಕ್ಕಳಲ್ಲಿ ಕೇಳಿಟ್ಟುಕೊಳ್ಳಿ. ಆಗ ಹಂಗೇರಿಯ ಕೈಯಲ್ಲಿದ್ದ ಕೊಲೊಶ್ವಾರ್ ಈಗ ರುಮೇನಿಯಾದ ಕ್ಲುಜ್. ನಾನು ಹಂಗೇರಿಯ ಮ್ಯಾಪಿನಲ್ಲಿ ಸುಮ್ಮನೆ ಹುಡುಕಿದೆ.

ಸವ್ತಾರಲ್ಲಿ ನೀವಾಗಿ ಏನೂ ಕೆದಕಬೇಡಿ. ಬಟಾಣಿ ಸುಲಿಯಲು ಜೊತೆಗೆ ಕೂರಿಸಿಕೊಳ್ಳಿ. ನನ್ನ ಅಮ್ಮ ತಡ್ಪೆ ಮಡಿಲಲ್ಲಿಟ್ಟು ಬೀಡಿ ಕಟ್ಟುವಾಗಲೇ ಹಳೆಯದೆಲ್ಲ ಹೇಳುತ್ತಿದ್ದರು. ಎದುರು ಕೂತು ಕೇಳಿದರೆ "ಎಂಥದ್ದೂ ಇಲ್ಲ" ಅಷ್ಟೇ. ಸವ್ತಾ ನಡುನಡುವೆ ಹಂಗೇರಿಯ ಭಾಷೆಗೆ ಜಾರುತ್ತಿದ್ದರು, ನಾನು ತಡೆಯಲಿಲ್ಲ.

ಆರು ತಿಂಗಳು ಕಳೆದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಬಹುದು. ಯುರೋಪಿನ ಅಶ್ಕೆನಾಜಿ ಯಹೂದಿಗಳು ಮಕ್ಕಳಿಗೆ ತೀರಿಹೋದವರ ಹೆಸರಿಡುತ್ತಾರೆ. "ಮಗಳಿಗೆ ಯಾರ ಹೆಸರು ಇಟ್ಟದ್ದು?" ಎಂದೆ. ತಂಗಿಯದಂತೆ, 9 ವರ್ಷದವಳು. ಜಡೆಯ ರಿಬ್ಬನ್ ಕಳೆದುಹೋಯಿತೆಂದು ರೈಲಿನಲ್ಲಿ ಅಳುತ್ತಿದ್ದಳು. ತನ್ನದು ಚಿಕ್ಕಮ್ಮನ ಹೆಸರೆಂದು ಮಗಳಿಗೆ ಗೊತ್ತಿತ್ತು, ರಿಬ್ಬನ್ನಿನ ಕತೆ ಗೊತ್ತಿರಲಿಲ್ಲ.

ಕೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಮಕ್ಕಳಿಗೂ ಹೇಳಬೇಡಿ. ಕ್ಯಾಂಪಿನಲ್ಲಿ ಕೈಯ ಮೇಲೆ ಹಚ್ಚೆ ಹಾಕಿದ ನಂಬರಿನ ಫೋಟೊ ವಾಟ್ಸ್ಯಾಪ್‌ಗೆ ಹಾಕುವುದಂತೂ ಬೇಡವೇ ಬೇಡ. ನನ್ನ ಸವ್ತಾ ಕತೆ ಹೇಳಲು ಒಪ್ಪಿದ್ದು ಮೊಮ್ಮಗನಿಗೋಸ್ಕರ. ಅಲ್ಲಿ ಏಳನೇ ತರಗತಿಯ ಮಕ್ಕಳು "ಶೊರಾಶಿಮ್", ಅಂದರೆ ಬೇರು, ಎಂಬ ಕುಟುಂಬ ಪ್ರಾಜೆಕ್ಟ್ ಮಾಡುತ್ತಾರೆ. ಅಂಥ ಮೊಮ್ಮಗುವಿದ್ದರೆ ಯಾದ್ ವಾಶೆಮ್‌ನ "ದಫ್ ಎದ್", ಅಂದರೆ ಸಾಕ್ಷಿ ಹಾಳೆಯನ್ನು ತುಂಬಲು ಹೇಳಿ. ನಾಜಿಗಳಿಂದ ಸತ್ತ ಯಹೂದಿಗಳ ನೆನಪಿಗಾಗಿ ಇರುವ ಜೆರುಸಲೇಮಿನ ಆ ಸಂಸ್ಥೆ 1950ರ ದಶಕದಿಂದ ಈ ಹಾಳೆಗಳನ್ನು ಕೂಡಿಡುತ್ತಿದೆ: ಕೊಲೆಯಾದ ಒಬ್ಬರಿಗೆ ಒಂದು ಹಾಳೆ, ಅದರಲ್ಲಿ ಹೆಸರು, ತಂದೆತಾಯಿ, ಹುಟ್ಟಿದ ಊರು, ಯುದ್ಧಕ್ಕೆ ಮೊದಲು ಇದ್ದ ಊರು. ನಮ್ಮ ಹುಡುಗ ರಿಬ್ಬನ್ ಅಂತಲೂ ಅಂಚಿನಲ್ಲಿ ಬರೆದ.

ಮತ್ತೆ ಏಪ್ರಿಲ್–ಮೇಯಲ್ಲಿ ಬರುವ ಯೋಮ್ ಹಶೋವಾ, ಹಾಗೆ ಸತ್ತವರನ್ನು ನೆನೆಯುವ ದಿನ. ಬೆಳಿಗ್ಗೆ 10ಕ್ಕೆ ಎರಡು ನಿಮಿಷ ಸೈರನ್, ರಸ್ತೆಯಲ್ಲಿ ಬಸ್ಸುಗಳೂ ನಿಲ್ಲುತ್ತವೆ. ಸ್ಟವ್ ಮೊದಲೇ ಆರಿಸಿ. ಎಷ್ಟು ಕಾಲು ನೋವಿದ್ದರೂ ಅವರು ಎದ್ದು ನಿಲ್ಲುತ್ತಾರೆ, ವಾಕರ್ ಕೈಗೆ ಸಿಗುವ ಹಾಗೆ ಇಡಿ.