ರಿಸ್ಟ್ರಿಕ್ಟೆಡ್ ಅಂದರೆ ನಿಷೇಧ ಅಲ್ಲ ಮಾರಾಯ್ರೆ

ಉಡುಪಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಬೋರ್ಡು, ಕರಪತ್ರಗಳ ಇಂಗ್ಲಿಷನ್ನು ಕನ್ನಡಕ್ಕೆ ತರುವ ಕೆಲಸವೂ ನನ್ನ ಪಾಲಿಗೇ ಬೀಳುತ್ತದೆ. ‘ರಿಸ್ಟ್ರಿಕ್ಟೆಡ್’ ಅಂತ ಕಂಡರೆ ಮೊದಮೊದಲು ‘ನಿಷೇಧ’ ಅಂತ ಕುಟ್ಟಿ ಮುಂದೆ ಹೋಗುತ್ತಿದ್ದೆ. ಒಂದು ನರ್ಸಿಂಗ್ ಹೋಮಿಗೂ ‘ಸಂದರ್ಶಕರಿಗೆ ಪ್ರವೇಶ ನಿಷೇಧಿಸಲಾಗಿದೆ’ ಅಂತ ದಪ್ಪಕ್ಷರದಲ್ಲಿ ಮಾಡಿಕೊಟ್ಟೆ. ಕೆಳಗೆ ಸಣ್ಣದಾಗಿ ‘ಸಂಜೆ 4ರಿಂದ 6’. ಮೂರನೇ ದಿನಕ್ಕೆ ಫೋನು. “ಎಂತ ಮಾರಾಯ್ರೆ ಇದು? ಕುಂದಾಪುರದಿಂದ ಬಂದವರು ಬೋರ್ಡ್ ನೋಡಿ ಗೇಟಿನಲ್ಲೇ ಕೂತಿದ್ದಾರೆ. ಬಿಡುವುದಾ ಬೇಡವಾ ಅಂತ ವಾಚ್‌ಮ್ಯಾನಿಗೂ ಗೊತ್ತಾಗುವುದಿಲ್ಲ.” ಹೊಸ ಬೋರ್ಡಿನ ಖರ್ಚು ನನ್ನದೇ ಆಯಿತು.

ನನಗೆ ವ್ಯತ್ಯಾಸ ಬಿಡಿಸಿ ತೋರಿಸಿದ್ದು ಮಲ್ಪೆಯ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನು ಹಿಡಿಯುವ ಟ್ರಾಲ್ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಕೊಂಡು ನಿಲ್ಲುತ್ತವೆ. ಅದು ಬ್ಯಾನ್, ನಿಷೇಧ. ಅದೇ ಹೊತ್ತಿಗೆ ನಾಡದೋಣಿಯವರು ಕಡಲು ನೋಡಿಕೊಂಡು ಹೋಗಬಹುದು, ಎಂಜಿನ್ 10 ಎಚ್‌ಪಿ ದಾಟಬಾರದು ಅಷ್ಟೆ. ಇದು ರಿಸ್ಟ್ರಿಕ್ಷನ್. ಬಾಗಿಲು ಮುಚ್ಚಿಲ್ಲ, ಕಿರಿದು ಮಾಡಿದ್ದಾರೆ. ಲ್ಯಾಟಿನ್‌ನಲ್ಲಿ ಆ ಪದದ ಮೂಲಾರ್ಥ ಹಿಂದಕ್ಕೆಳೆದು ಬಿಗಿಯುವುದು. (ನಮ್ಮ ‘ಡಿಸ್ಟ್ರಿಕ್ಟ್’ ಕೂಡ ಅದೇ ಬೇರಿನದು.) ಗದ್ದೆಯಲ್ಲಿ ಗೂಟಕ್ಕೆ ಕಟ್ಟಿದ ದನ ಹಗ್ಗದಷ್ಟು ದೂರ ಮೇಯುತ್ತದಲ್ಲ, ಹಾಗೆ. ‘ನಿರ್ಬಂಧ’ದಲ್ಲಿಯೂ ಇರುವುದು ಬಂಧವೇ.

ಹಾಗಾಗಿ ಈಗ ಮೊದಲು ಹುಡುಕುವುದು ಹಗ್ಗದ ಉದ್ದ: ಯಾರಿಗೆ, ಎಷ್ಟು, ಯಾವಾಗ. ‘ರಿಸ್ಟ್ರಿಕ್ಟೆಡ್’ ಆದ ಮೇಲೆ ‘ಟು’ ಬಂದರೆ ಉತ್ತರ ಅದರ ಬೆನ್ನಿಗೇ ಇರುತ್ತದೆ. ಆಗ ನಿರ್ಬಂಧವೂ ಬೇಡ, ನಮ್ಮ ‘ಮಾತ್ರ’ ಸಾಕು. ‘ಸಿಬ್ಬಂದಿಗೆ ಮಾತ್ರ ಪ್ರವೇಶ.’ ನರ್ಸಿಂಗ್ ಹೋಮಿನ ಬೋರ್ಡು ಈಗ ‘ರೋಗಿಗಳ ಭೇಟಿ ಸಂಜೆ 4ರಿಂದ 6ರವರೆಗೆ ಮಾತ್ರ’. ಫೋನು ಬಂದಿಲ್ಲ.

ಅವರದೇ ಇನ್ನೊಂದು ಕೆಲಸ ಬಂತು, ಕಿಡ್ನಿ ರೋಗಿಗಳಿಗೆ ಕೊಡುವ ಚೀಟಿ. ‘ಫ್ಲೂಯಿಡ್ ರಿಸ್ಟ್ರಿಕ್ಷನ್’ ಅಂತಿತ್ತು. ಹಳೇ ಬುದ್ಧಿಯಲ್ಲಿ ‘ನೀರು ನಿಷೇಧ’ ಅಂತ ಹಾಕಿದ್ದರೆ ಏನಾಗುತ್ತಿತ್ತೋ! ‘ದ್ರವ ನಿರ್ಬಂಧ’ ಅಂದರೆ ನನ್ನ ಅಮ್ಮನಿಗೇ ಅರ್ಥವಾಗುವುದಿಲ್ಲ. ಡಾಕ್ಟರರ ಹತ್ತಿರ ಕೂತು ಕೇಳಿ ಹೀಗೆ ಬರೆದೆ: “ದಿನಕ್ಕೆ ಡಾಕ್ಟರು ಹೇಳಿದ ಅಳತೆಯಷ್ಟೇ ನೀರು. ಗಂಜಿ ತಿಳಿ, ಮಜ್ಜಿಗೆ, ಸಾರು, ಚಾ ಎಲ್ಲ ಆ ಅಳತೆಯೊಳಗೇ.” ಗಂಜಿ ತಿಳಿಯನ್ನು ನಮ್ಮೂರಲ್ಲಿ ಯಾರೂ ನೀರಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೇ ಹೆಸರು ಹಿಡಿದು ಬರೆದದ್ದು. ಅದೇ ಚೀಟಿಯ ‘ರಿಸ್ಟ್ರಿಕ್ಟೆಡ್ ಡಯಟ್’ಗೆ ತಲೆ ಕೆಡಿಸಿಕೊಳ್ಳಲೇ ಇಲ್ಲ, ‘ಪಥ್ಯ’ ಇದೆಯಲ್ಲ.

ಇನ್ನೂ ಸೋಲುವುದು ‘ರಿಸ್ಟ್ರಿಕ್ಟೆಡ್ ಹಾಲಿಡೇ’ ಮುಂದೆ. ಪಟ್ಟಿಯಿಂದ ನೌಕರರು ತಮಗೆ ಬೇಕಾದ ಒಂದೆರಡು ದಿನ ಆರಿಸಿಕೊಳ್ಳುವ ರಜೆ ಅದು. ಕನ್ನಡದಲ್ಲಿ ‘ನಿರ್ಬಂಧ’ಕ್ಕೆ ಒತ್ತಾಯ ಅನ್ನುವ ಅರ್ಥವೂ ಇದೆ ನೋಡಿ. ‘ನಿರ್ಬಂಧಿತ ರಜೆ’ ಅಂದರೆ ಯಾರೋ ಕತ್ತು ಹಿಡಿದು ಮನೆಗೆ ಕಳಿಸಿದ ಹಾಗೆ ಕೇಳುತ್ತದೆ. ‘ಪರಿಮಿತ ರಜೆ’ ವಾಸಿ, ಆದರೆ ಕೌಂಟರಿನಲ್ಲಿ ಹಾಗೆ ಹೇಳುವವರನ್ನು ನಾನು ಕಂಡಿಲ್ಲ. ಕ್ಯಾಲೆಂಡರ್ ಮಾಡುವಾಗ ‘ಆರ್‌ಎಚ್’ ಅಂತಲೇ ಬಿಡುತ್ತೇನೆ.